ಕೂರ್ಮ ಆರು, ಹಗ್ಗ ಎರಡು

ಕಳಮಶ್ಶೇರಿ
8-6-2025

ಅನ್ವಿತಾ,

ನೀನು ಕಳಿಸಿದ ಕವರು ಶುಕ್ರವಾರ ಬಂತು. ಚಿತ್ರ ಐದೂ ಇವೆ. ನಿನ್ನ ಅಮ್ಮ ಅಡುಗೆಮನೆಯಿಂದ ಏನೋ ಹೊಗಳಿದಳಂತೆ, ನನಗೆ ಕೇಳಿಸಲಿಲ್ಲ. ಇಪ್ಪತ್ತು ವರ್ಷ ಟ್ಯಾಂಕಿನ ಎಂಜಿನ್ ಪಕ್ಕ ಕೂತ ಕಿವಿ ಫೋನಿಗೆ ಆಗುವುದಿಲ್ಲ ಅಂತಲೇ ತಾನೇ ನೀನು ಕಾಗದ ಬರೆದದ್ದು. ಒಳ್ಳೆಯದಾಯಿತು. ಬರೆದು ಬೈದರೆ ನಡುವೆ ಬಾಯಿ ಹಾಕುವವರಿಲ್ಲ.

ನನಗೆ ಅರ್ಥವಾದದ್ದು ಸರಿಯಾ ನೋಡು. ನಿಮ್ಮ ಕಂಪೆನಿಯವರು ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟ ಮಾಡುತ್ತಿದ್ದಾರೆ. ಇನ್ನು ಮುನ್ನೂರು ವರ್ಷ ಕಳೆದ ಮೇಲಿನ ಕಥೆ. ಭೂಮಿ ಅಲ್ಲದ ಯಾವುದೋ ಗ್ರಹ, ಪೂರಾ ಕೆಸರು. ಅಲ್ಲಿನ ಸೇನೆಗೆ ಒಂದು ಮುಖ್ಯ ಟ್ಯಾಂಕು, ಹೆಸರು ಕೂರ್ಮ. ಅದೇ ಮೈಗೆ ಬೇರೆ ಬೇರೆ ತಲೆ ಇಟ್ಟು ಐದು ಜಾತಿ. ಒಂದನೆಯದಕ್ಕೆ ಉದ್ದ ತೋಪು. ಎರಡನೆಯದಕ್ಕೆ ಗೋಡೆ ಒಡೆಯಲು ಗಿಡ್ಡ ತೋಪು ಎರಡು. ಮೂರನೆಯದು ಬೆಂಕಿ ಉಗುಳುವುದು. ನಾಲ್ಕನೆಯದು ಸೇತುವೆ ಹೊತ್ತದ್ದು. ಐದನೆಯದು ದೊಡ್ಡ ಸಾಹೇಬರಿಗೆ. ಇದೆಲ್ಲ ನಿನ್ನ ಕಾಗದದಲ್ಲೇ ಇದ್ದದ್ದು. ತಪ್ಪು ಹುಡುಕಿ ಕೊಡಿ ಅಂತ ಕೇಳಿದವಳೂ ನೀನೇ. ಆಮೇಲೆ ಮುಖ ಊದಿಸಬೇಡ.

ಒಂದನೆಯದರ ತೋಪು ಇಳಿಜಾರಿನಲ್ಲಿ ಮಣ್ಣಿಗೆ ಮೂತಿ ಹೊಡೆಯುತ್ತದೆ. ಒಳಗೆ ಆರು ಜನ, ಬಾಗಿಲು ಒಂದು. ಬೆಂಕಿ ಬಿದ್ದರೆ ರೇಷನ್ ಅಂಗಡಿಯ ಹಾಗೆ ಸಾಲು ನಿಲ್ಲುತ್ತಾರಾ? ಡ್ರೈವರಿನ ಮೊಣಕಾಲಿಗೆ ಜಾಗವೇ ಇಲ್ಲ. ಬೆಂಕಿ ಉಗುಳುವ ಗಾಡಿಯಲ್ಲಿ ಎಣ್ಣೆಯ ಪೀಪಾಯಿ ಅವನ ಬೆನ್ನಿಗೇ ಉಂಟು. ಅದರಲ್ಲಿ ನೀನು ಕೂರುತ್ತೀಯಾ ಮಾರಾಯ್ತಿ? ಚಹಾದ ಕೆಟ್ಲು ಕಟ್ಟಲು ಹೊರಗೆ ಒಂದು ಕೊಂಡಿ ಇಲ್ಲ. ಈ ಗಾಡಿ ಬರೆದವರು ಒಂದು ದಿನವೂ ಕೆಸರಿನಲ್ಲಿ ಚಪ್ಪಲಿ ಕಳಕೊಂಡವರಲ್ಲ.

ಇವೆಲ್ಲ ಸಣ್ಣದು. ದೊಡ್ಡ ತಪ್ಪು ಬೇರೆ. ಕೆಸರಿನ ಗ್ರಹ ಅಂದ ಮೇಲೆ ಐವತ್ತು ಟನ್ನಿನ ಗಾಡಿ ಹೂತೇ ಹೋಗುತ್ತದೆ. ಎಳೆಯುವವರು ಯಾರು? ಗಾಡಿ ಹೂತರೆ ಆಡುವವನಿಗೆ ಹೊಸ ಗಾಡಿ ಸಿಗುತ್ತದೆ ಅಂತ ಬರೆದಿದ್ದೀ. ಒಳಗಿದ್ದ ಆರು ಜನ? ಅವರನ್ನೂ ಹೊಸದು ತರುತ್ತೀರಾ?

ನಿನ್ನ ಅಪ್ಪ ಸೇನೆಯಲ್ಲಿ ತೋಪು ಹಾರಿಸಿದವನಲ್ಲ. ಎಳೆಯುವ ಟ್ಯಾಂಕಿನವನು. ತೋಪು ಇಲ್ಲದ ಗಾಡಿ, ಹಿಂದೆ ಉಕ್ಕಿನ ಹಗ್ಗ, ಅಷ್ಟೇ. ಪರೇಡಿನಲ್ಲಿ ನಮ್ಮನ್ನು ಕೊನೆಗೆ ನಿಲ್ಲಿಸುತ್ತಿದ್ದರು. ಗಾಡಿ ಹೂತ ದಿನ ಮಾತ್ರ ಮೊದಲು ನಮ್ಮನ್ನೇ ಕರೆಯುತ್ತಿದ್ದರು. ಎಂಟನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟವನಿಗೆ ಇಷ್ಟು ಗೊತ್ತುಂಟು. ನಿಮ್ಮ ಎಂಜಿನಿಯರುಗಳಿಗೆ ಯಾಕೆ ಹೊಳೆಯಲಿಲ್ಲ?

ಬೈದದ್ದು ಕೂರ್ಮವನ್ನು, ನಿನ್ನನ್ನಲ್ಲ.
ಅಪ್ಪ


ತಿರುವನಂತಪುರ
21-6-2025

ಪ್ರೀತಿಯ ಅಪ್ಪಾ,

ನನ್ನ ಕನ್ನಡ ಅಮ್ಮ ಕಲಿಸಿದಷ್ಟೇ. ತಪ್ಪಿದ್ದರೆ ಕೂರ್ಮದ ಲೆಕ್ಕಕ್ಕೆ ಸೇರಿಸಿ ಬೈಯಿರಿ.

ನಿಮ್ಮ ಕಾಗದವನ್ನು ಮೀಟಿಂಗಿಗೆ ತೆಗೆದುಕೊಂಡು ಹೋದೆ. ನಮ್ಮ ತಂಡದ ಹಿರಿಯರು ಯಶವಂತ್, ಬೆಂಗಳೂರಿನವರು, ಆದ್ದರಿಂದ ಕನ್ನಡದಲ್ಲೇ ಓದಿ ಹೇಳಿದೆ. ರೇಷನ್ ಅಂಗಡಿಗೆ ನಕ್ಕರು. ಒಳಗಿದ್ದ ಆರು ಜನ ಅನ್ನುವಲ್ಲಿ ನಗಲಿಲ್ಲ. ಎಲ್ಲ ಕೂರ್ಮಗಳಿಗೂ ಎರಡನೆಯ ಬಾಗಿಲು ಇಡಿಸಿದೆ. ಡ್ರೈವರಿನ ಮೊಣಕಾಲಿಗೆ ಜಾಗ ಕೊಟ್ಟೆ. ಕೆಟ್ಲಿನ ಕೊಂಡಿಯನ್ನು ಯಾರಿಗೂ ಹೇಳದೆ ಹಾಕಿದೆ.

ದೊಡ್ಡ ಸುದ್ದಿ ಎಂದರೆ, ಆರನೆಯ ಕೂರ್ಮ ಮಾಡಲು ಒಪ್ಪಿದ್ದಾರೆ. ಎಳೆಯುವ ಕೂರ್ಮ. ಪೂರ್ತಿ ನನ್ನ ಕೈಗೆ ಕೊಟ್ಟಿದ್ದಾರೆ. ಅಕ್ಟೋಬರ್ 17ಕ್ಕೆ ಆಟವನ್ನು ಮಾರುವವರು ಹೊರದೇಶದಿಂದ ಬಂದು ನೋಡುತ್ತಾರೆ. ಅವರಿಗೆ ಹಿಡಿಸಿದರೆ ಉಳಿಯುತ್ತದೆ, ಇಲ್ಲದಿದ್ದರೆ ತೆಗೆದುಹಾಕುತ್ತಾರೆ. ನಾಲ್ಕು ವರ್ಷದಲ್ಲಿ ನನಗೆ ಅಂತ ಸಿಕ್ಕ ಮೊದಲ ಗಾಡಿ ಇದು. ನೀವು ಎಳೆಯುತ್ತಿದ್ದದ್ದು ಹೇಗೆ ಅಂತ ಮೊದಲಿನಿಂದ ಕೊನೆಯ ತನಕ ಬರೆದು ಕಳಿಸಿ. ಆಟದ ಕೊನೆಗೆ ಬರುವ ಹೆಸರುಗಳಲ್ಲಿ ನಿಮ್ಮದೂ ಇರುತ್ತದೆ, ಹವಾಲ್ದಾರ್ ರತ್ನಾಕರ ಅಂತ.

ನಿಮ್ಮ
ಅನ್ವಿತಾ


ಕಳಮಶ್ಶೇರಿ
2-7-2025

ಅನ್ವಿತಾ,

ಹೆಸರು ಹಾಕುವುದು ಆಮೇಲೆ ನೋಡುವ. ಕೆಲಸ ಮೊದಲು.

ಹೂತ ಗಾಡಿಯ ಹತ್ತಿರ ಹೋದ ಕೂಡಲೇ ಎಳೆಯಬಾರದು. ಇದು ನಂಬರ್ ಒಂದು. ಇಳಿದು ಸುತ್ತಲೂ ನಡೆದು ನೋಡಬೇಕು. ಹೊಟ್ಟೆ ಮಣ್ಣಿಗೆ ಅಂಟಿದೆಯಾ, ಚೈನು ಕಳಚಿದೆಯಾ, ಯಾವ ಕಡೆ ವಾಲಿದೆ. ಕೋಲು ಚುಚ್ಚಿ ಕೆಸರಿನ ಆಳ ನೋಡಬೇಕು. ನಮ್ಮ ಗಾಡಿ ಗಟ್ಟಿ ನೆಲದಲ್ಲಿ ನಿಲ್ಲಬೇಕು, ಮುಂದಿನ ಸಲಿಕೆಯನ್ನು ನೆಲಕ್ಕೆ ಊರಿ. ಇಲ್ಲದಿದ್ದರೆ ಎಳೆಯಲು ಹೋದವನೂ ಹೂತು, ಇಬ್ಬರೂ ಸೇರಿ ಮೂರನೆಯವನನ್ನು ಕಾಯಬೇಕು.

ಆಮೇಲೆ ಹಗ್ಗ. ಎರಡು ಹಗ್ಗ. ಅಡ್ಡಡ್ಡ ಹಾಕಬೇಕು. ನಮ್ಮ ಎಡಗಡೆಯ ಕೊಕ್ಕೆಯಿಂದ ಅವನ ಬಲಗಡೆಗೆ, ನಮ್ಮ ಬಲದಿಂದ ಅವನ ಎಡಕ್ಕೆ. ಹಾಗೆ ಹಾಕಿದರೆ ಭಾರ ಹಂಚಿಹೋಗುತ್ತದೆ. ಗಾಡಿ ನೀರಿನಲ್ಲಿದ್ದರೆ ಅವನ ಕೊಕ್ಕೆ ಕಣ್ಣಿಗೆ ಕಾಣುವುದಿಲ್ಲ. ಒಬ್ಬ ಎದೆಮಟ್ಟ ಇಳಿದು ಕೈಯಿಂದ ತಡವಿ ಸಿಕ್ಕಿಸಬೇಕು. ಹತ್ತಿ ಬಂದು, ಇನ್ನೊಂದು ಕಡೆ ಮತ್ತೆ ಇಳಿಯಬೇಕು.

ಹಗ್ಗ ಎಷ್ಟು ಉದ್ದವೋ ಅಷ್ಟು ದೂರ ಎಲ್ಲರೂ ಸರಿಯಬೇಕು. ಹೂತ ಗಾಡಿಯಲ್ಲಿ ಡ್ರೈವರ್ ಒಬ್ಬನೇ ಇರಬೇಕು, ತಲೆಯ ಮೇಲಿನ ಮುಚ್ಚಳ ಹಾಕಿಕೊಂಡು. ಆಮೇಲೆ ಬಾವುಟ ತೋರಿಸಿ ನಿಧಾನಕ್ಕೆ. ಹಗ್ಗ ಬಿಗಿಯಾಗುವಾಗ ಹಾಡುತ್ತದೆ. ಆಗ ನನಗೆ ಕಿವಿ ಇತ್ತು, ಆ ಸ್ವರ ಕೇಳಿಯೇ ಎಷ್ಟು ಭಾರ ಅಂತ ಹೇಳುತ್ತಿದ್ದೆ.

ಹೂತ ಗಾಡಿಯ ಡ್ರೈವರ್ ಒಳ್ಳೆಯವನಿದ್ದರೆ ಅರ್ಧ ಕೆಲಸ ಆದ ಹಾಗೆ. ನಾವು ಎಳೆಯುವಾಗ ಅವನೂ ತನ್ನ ಚೈನನ್ನು ಅಷ್ಟಷ್ಟೇ ತಿರುಗಿಸಬೇಕು. ನಮ್ಮಲ್ಲಿ ಜೋಸೆಫ್ ಅಂತ ಇದ್ದ. ಅವನ ಹಾಗೆ ಗಾಡಿಯ ಮಾತು ಕೇಳುವ ಇನ್ನೊಬ್ಬನನ್ನು ನಾನು ನೋಡಲಿಲ್ಲ. ಇರಲಿ, ಅದು ಇಲ್ಲಿಗೆ ಬೇಡ.

ಎರಡು ಹಗ್ಗ. ಮರೆಯಬೇಡ.
ಅಪ್ಪ


ತಿರುವನಂತಪುರ
20-7-2025

ಪ್ರೀತಿಯ ಅಪ್ಪಾ,

ಆರನೆಯ ಕೂರ್ಮ ನಡೆಯುತ್ತಿದೆ. ಸಲಿಕೆ ಊರುತ್ತದೆ, ಹಗ್ಗ ಅಡ್ಡಡ್ಡ ಬೀಳುತ್ತದೆ, ಬಿಗಿಯಾಗುವಾಗ ಹಾಡುತ್ತದೆ ಕೂಡ. ಆ ಸ್ವರಕ್ಕೆ ಒಂದು ವಾರ ತೆಗೆದುಕೊಂಡೆ.

ಆದರೆ ಒಂದು ಕಷ್ಟ ಬಂದಿದೆ. ಮೊನ್ನೆ ಯಶವಂತ್ ಆಡಿ ನೋಡಿ ಹೇಳಿದರು: "ಹೇಳಿದ್ದನ್ನೆಲ್ಲ ಮಾಡಿದರೆ ಗಾಡಿ ಬರುತ್ತದೆ. ಮಾಡದಿದ್ದರೆ ಏನಾಗುತ್ತದೆ? ತಪ್ಪು ಮಾಡಲು ಆಗದಿದ್ದರೆ ಅದು ಆಟ ಅಲ್ಲ ಅನ್ವಿತಾ, ಪಾಠ. ಪಾಠವನ್ನು ಯಾರೂ ಕೊಂಡುಕೊಳ್ಳುವುದಿಲ್ಲ." ಅವರು ಹೇಳುವುದು ಸರಿ. ಆಡುವವನು ಅವಸರದಲ್ಲಿರುತ್ತಾನೆ. ಮೇಲಿಂದ ಶತ್ರು ಗುಂಡು ಹಾರಿಸುತ್ತಿರುತ್ತಾನೆ. ಎರಡನೆಯ ಸಲ ನೀರಿಗೆ ಇಳಿಯದೆ ಒಂದೇ ಹಗ್ಗ ಹಾಕಿ ಎಳೆಯುತ್ತಾನೆ. ಆಗ ಏನಾಗುತ್ತದೆ? ಅದು ಸರಿಯಾಗಿ ಬಂದರೆ ಮಾತ್ರ ಈ ಕೂರ್ಮ ಉಳಿಯುತ್ತದೆ. ಇಲ್ಲದಿದ್ದರೆ ನನ್ನನ್ನು ಮತ್ತೆ ಸೈನಿಕರ ಟೋಪಿಗೆ, ಬೂಟಿಗೆ ಬಣ್ಣ ಹಚ್ಚುವ ಕೆಲಸಕ್ಕೆ ಹಾಕುತ್ತಾರೆ. ಪುಸ್ತಕದಲ್ಲಿ ಇರುವುದು ಬೇಡ, ನೀವು ಕಂಡದ್ದನ್ನು ಬರೆಯಿರಿ.

ಇನ್ನೊಂದು. ಜೋಸೆಫ್ ಯಾರು ಅಂತ ಅಮ್ಮನನ್ನು ಕೇಳಿದೆ. ಫೋರ್ಟ್ ಕೊಚ್ಚಿಯವರು ಅಂದರು, ಆಮೇಲೆ ಮಾತು ಬದಲಿಸಿದರು. ಅಪ್ಪಾ, ನಾವು ಇಷ್ಟು ವರ್ಷ ಕೊಚ್ಚಿಯಲ್ಲಿದ್ದೂ ನೀವು ಒಮ್ಮೆಯೂ ನಮ್ಮನ್ನು ಫೋರ್ಟ್ ಕೊಚ್ಚಿಗೆ ಕರಕೊಂಡು ಹೋಗಲಿಲ್ಲ. ಶಾಲೆಯ ಪ್ರವಾಸ ಇದ್ದಾಗಲೂ ಕಳಿಸಲಿಲ್ಲ, ಕಡಲು ಒರಟು ಅಂದಿರಿ. ಈಗ ನೆನಪಾಯಿತು, ಅದಕ್ಕೆ ಬರೆದೆ.

ನಿಮ್ಮ
ಅನ್ವಿತಾ


ಕಳಮಶ್ಶೇರಿ
28-7-2025

ಅನ್ವಿತಾ,

ಒಂದೇ ಹಗ್ಗ ಯಾರೂ ಹಾಕುವುದಿಲ್ಲ. ಹಾಕಬಾರದು ಅಂತ ಇರುವಾಗ ಹಾಕಿದರೆ ಏನಾಗುತ್ತದೆ ಅಂತ ಎಂತ ಕೇಳುವುದು. ನಿನ್ನ ಆ ಯಶವಂತನಿಗೆ ಹೇಳು, ಸೈನ್ಯ ಅಂದರೆ ತಮಾಷೆ ಅಲ್ಲ.

ನನ್ನ ಹೆಸರು ಎಲ್ಲಿಯೂ ಹಾಕಬೇಡ.

ರತ್ನಾಕರ


ಕಳಮಶ್ಶೇರಿ
17-8-2025

ಅನ್ವಿತಾ,

ನಾನು ಬರೆದು ಇಪ್ಪತ್ತು ದಿನ ಆಯಿತು, ನಿನ್ನ ಕಾಗದ ಬರಲಿಲ್ಲ. ಅಮ್ಮನಿಗೆ ದಿನಾ ಫೋನು ಮಾಡುತ್ತೀಯಂತೆ. ಫೋನು ಇಟ್ಟ ಮೇಲೆ ಅವಳ ಮುಖ ನೋಡುತ್ತೇನೆ, ಏನೂ ತಿಳಿಯುವುದಿಲ್ಲ. ಸೊಪ್ಪು ಹೆಚ್ಚುತ್ತಾಳೆ. ಪೋಸ್ಟಿನವನು ಬರುವ ಹೊತ್ತಿಗೆ ನಾನು ಗೇಟಿನ ಹತ್ತಿರ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ಗೇಟಿಗೆ ಎಣ್ಣೆ ಹಾಕಿ ಹಾಕಿ ಈಗ ಅದು ಗಾಳಿಗೇ ತೆರೆದುಕೊಳ್ಳುತ್ತದೆ.

ನನ್ನಿಂದ ನಿನ್ನ ಕೆಲಸಕ್ಕೆ ಕೇಡಾಗುತ್ತದಾ? ಆ ಗಾಡಿ ಬೇಕು ಅಂತ ಹಟ ಹಿಡಿದದ್ದು ನಾನು. ಈಗ ಅರ್ಧಕ್ಕೆ ನಿಲ್ಲಿಸಿದ್ದೂ ನಾನು. ಮತ್ತೆ ಬಣ್ಣ ಹಚ್ಚುವ ಕೆಲಸಕ್ಕೆ ಹಾಕುತ್ತಾರೆ ಅಂತ ಬರೆದದ್ದನ್ನು ದಿನಾ ತೆಗೆದು ಓದುತ್ತೇನೆ.

ಅದಕ್ಕೇ ಹೇಳುತ್ತೇನೆ, ಬರೆದುಕೋ. ಒಂದೇ ಹಗ್ಗ ಹಾಕಿದರೆ ಗಾಡಿ ನಿಧಾನ ಬರುತ್ತದೆ. ಸ್ವಲ್ಪ ಓರೆಯಾಗಿ ಬರುತ್ತದೆ. ಎರಡು ಹಾಕಿದರೆ ಹತ್ತು ನಿಮಿಷ, ಒಂದು ಹಾಕಿದರೆ ಇಪ್ಪತ್ತು. ಅಷ್ಟೇ. ಅದನ್ನೇ ಹಾಕು.

ಓಣಂಗೆ ಬಾ. ಆ ಜೋಸೆಫನ ವಿಷಯ ಅಮ್ಮನ ಹತ್ತಿರ ಕೆದಕಬೇಡ. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ನನಗೆ ಗೊತ್ತಿಲ್ಲ.

ಕಾಯುತ್ತಿರುವ
ಅಪ್ಪ


ತಿರುವನಂತಪುರ
10-9-2025

ಅಪ್ಪಾ,

ಓಣಂಗೆ ಬಂದಾಗ ಶನಿವಾರ ವೈಟ್ಟಿಲದಲ್ಲಿ ಗೆಳತಿಯನ್ನು ನೋಡಿ ಬರುತ್ತೇನೆ ಅಂದೆನಲ್ಲ, ಅದು ಸುಳ್ಳು. ವೈಟ್ಟಿಲದಿಂದ ಬಸ್ಸು ಹತ್ತಿ ಫೋರ್ಟ್ ಕೊಚ್ಚಿಗೆ ಹೋಗಿದ್ದೆ. ಹೇಳಿ ಹೋಗುವ ಧೈರ್ಯ ಇರಲಿಲ್ಲ.

ಮಿಲಿಟರಿ ಜೋಸೆಫ್ ಅಂತ ಮೀನು ಮಾರುವವರನ್ನು ಕೇಳಿದೆ, ಎರಡನೆಯವರೇ ದಾರಿ ತೋರಿಸಿದರು. ಕಡಲಿನ ಹತ್ತಿರ ತಗಡಿನ ಶೆಡ್ಡು. ದೋಣಿಯ ಎಂಜಿನ್ ರಿಪೇರಿ ಮಾಡುತ್ತಾರೆ. ಒಂದೇ ಕೈಯಲ್ಲಿ. ಬೋಲ್ಟನ್ನು ಮೊಣಕಾಲುಗಳ ನಡುವೆ ಹಿಡಿದು ಬಿಚ್ಚುತ್ತಾರೆ. ಕಿವಿ ನಿಮ್ಮ ಹಾಗೇ, ಕೂಗಿದರೂ ಕೇಳುವುದಿಲ್ಲ. ನಾನು ಮಲಯಾಳದಲ್ಲಿ ಬರೆದು ತೋರಿಸಿದೆ. ರತ್ನಾಕರನ ಮಗಳು ಅಂತ ಮೊದಲು ಬರೆದೆ. ಓದಿದರು. ಸ್ಟೂಲು ಒರೆಸಿ ಕೊಟ್ಟರು.

ಕೂರ್ಮದ ಚಿತ್ರ ಕೊಟ್ಟೆ. ಹಾರದ ಹಾಗೆ ಅದರ ಮೇಲೆ ಸ್ಪ್ಯಾನರ್ ಇಟ್ಟು ಬೆರಳು ಓಡಿಸಿ ನೋಡಿದರು. "ಡ್ರೈವರಿನ ಮೊಣಕಾಲಿಗೆ ಜಾಗ ಬಿಡಿಸಿದ್ದು ಯಾರು?" ಅಂದರು. ಅಪ್ಪ ಅಂತ ಬರೆದೆ. "ಅದೆಲ್ಲ ಅವನಿಗೆ ಚೆನ್ನಾಗಿ ಗೊತ್ತು," ಅಂದರು. ಆಮೇಲೆ ಒಂದೇ ಹಗ್ಗ ಹಾಕಿದರೆ ಏನಾಗುತ್ತದೆ ಅಂತ ಬರೆದೆ.

ಓಡುತ್ತಿದ್ದ ಎಂಜಿನನ್ನು ಆರಿಸಿ, ಮಗಳನ್ನು ಕರೆಯುವ ಹಾಗೆ ಕರೆದರು. "ಮೋಳೇ, ಅದನ್ನು ನನಗಿಂತ ಚೆನ್ನಾಗಿ ಬಲ್ಲವನು ನಿನ್ನ ಮನೆಯಲ್ಲೇ ಇದ್ದಾನೆ."

ಅಪ್ಪ ಹೇಳುವುದಿಲ್ಲ ಅಂತ ಬರೆದೆ.

"ಇಪ್ಪತ್ತೇಳು ವರ್ಷದಿಂದ ಕಳಮಶ್ಶೇರಿಯಲ್ಲಿದ್ದಾನೆ. ಇಲ್ಲಿಗೆ ಬಸ್ಸಿಲ್ಲ ಅಂದುಕೊಂಡಿರಬೇಕು."

ನಾನು ಹೊರಡುವಾಗ, ಅವರು ಸೇನೆ ಬಿಟ್ಟಾಗ ಕೊಟ್ಟ ಪುಸ್ತಕವನ್ನು ತಂದು ಒಂದು ಪುಟ ತೆರೆದು ತೋರಿಸಿದರು. ಗಾಯದ ಕಾರಣ ಎಂಬಲ್ಲಿ "ಚಾಲಕನ ಸ್ವಂತ ಅಜಾಗರೂಕತೆ" ಅಂತ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. "ನನ್ನ ಮಕ್ಕಳೂ ಇದನ್ನು ಓದಿಯೇ ದೊಡ್ಡವರಾದರು," ಅಂದರು. ಕೋಪದಿಂದ ಹೇಳಲಿಲ್ಲ.

ನೀವು ಹೇಳಿದ ಹಾಗೆ ಒಂದು ಹಗ್ಗಕ್ಕೆ ಇಪ್ಪತ್ತು ನಿಮಿಷ ಅಂತ ಮಾಡಿ ಆಗಲೇ ತೋರಿಸಿದ್ದೆ. ಹಾಗಾದರೆ ಎರಡನೆಯ ಹಗ್ಗ ಯಾಕೆ ಬೇಕು ಅಂತ ಯಶವಂತ್ ಕೇಳಿದರು. ಅದರ ಉತ್ತರ ನಿಮ್ಮ ಹತ್ತಿರ ಇದೆ.

ಅನ್ವಿತಾ


ಕಳಮಶ್ಶೇರಿ
13-9-2025

ಅನ್ವಿತಾ,

ನೀನು ಹೋಗಬಾರದಿತ್ತು. ಹೋಗುವುದಾದರೆ ಹೇಳಿ ಹೋಗಬೇಕಿತ್ತು. ಅಪ್ಪನಿಗೆ ಸುಳ್ಳು ಹೇಳಲು ಎಲ್ಲಿಂದ ಕಲಿತೆ ಅಂತ ಬರೆದು ಹೊಡೆದುಹಾಕಿದೆ. ಮೇಲೆ ಗೀಚಿದ್ದು ಅದೇ.

ಒಂದು ಮಾತ್ರ ಬರೆ. ಆ ಕೈ ಪೂರಾ ಇಲ್ಲವಾ, ಮೊಣಕೈ ತನಕ ಉಂಟಾ? ನಾನು ಆಮೇಲೆ ನೋಡಲಿಲ್ಲ.

ಅಪ್ಪ


ತಿರುವನಂತಪುರ
17-9-2025

ಮೊಣಕೈ ತನಕ ಇದೆ ಅಪ್ಪಾ. ಎಡಗೈ.

ಅನ್ವಿತಾ


ಕಳಮಶ್ಶೇರಿ
1-10-2025

ಅನ್ವಿತಾ,

ಇದು ಐದನೆಯ ಸಲ ಬರೆಯುವುದು. ನಾಲ್ಕನ್ನು ಒಲೆಗೆ ಹಾಕಿದೆ. ಅಮ್ಮ ಏನೂ ಕೇಳಲಿಲ್ಲ. ಅವಳಿಗೆ ಅರ್ಧ ಗೊತ್ತುಂಟು ಅಂತ ನನಗೆ ಅನುಮಾನ.

1993, ಜನವರಿ. ಗಡಿಯ ಹತ್ತಿರ ಒಂದು ಕಾಲುವೆ. ಯುದ್ಧ ಅಲ್ಲ, ಅಭ್ಯಾಸ. ಜೋಸೆಫನ ಟ್ಯಾಂಕು ದಂಡೆಯಿಂದ ಜಾರಿ ಮೂತಿ ಕೆಳಗಾಗಿ ಹೂತಿತು. ಉಳಿದವರೆಲ್ಲ ಇಳಿದು ದಂಡೆಯ ಆಚೆ ಹೋದರು. ಅವನೊಬ್ಬ ಒಳಗೆ. ನೀರು ಅವನ ಮುಚ್ಚಳದಿಂದ ಒಂದು ಗೇಣು ಕೆಳಗೆ.

ನಾನು ಬಲಗಡೆ ಇಳಿದು ಮೊದಲನೆಯ ಹಗ್ಗ ಸಿಕ್ಕಿಸಿದೆ. ಹತ್ತಿ ಬಂದೆ. ಹಲ್ಲು ಕಟಕಟ ಅನ್ನುತ್ತಿತ್ತು. ಎಷ್ಟು ಹೊತ್ತು ಅಂತ ವೈರ್‌ಲೆಸ್ಸಿನಲ್ಲಿ ಸಾಹೇಬರು ಕೇಳಿದರು. ಐದು ನಿಮಿಷ ಅಂದುಬಿಟ್ಟೆ. ಎಡಗಡೆ ಇನ್ನೊಮ್ಮೆ ಇಳಿಯಬೇಕಿತ್ತು. ಇಳಿಯಲಿಲ್ಲ. ನೀರು ತಣ್ಣಗಿತ್ತು. ಕಾರಣ ಅಷ್ಟೇ. ಇಷ್ಟು ವರ್ಷ ಬೇರೆ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಜೋಸೆಫ್ ತಲೆ ಹೊರಗೆ ಹಾಕಿ ಎರಡು ಬೆರಳು ತೋರಿಸಿದ. ಎರಡು ಹಗ್ಗ ಎಲ್ಲಿ ಅಂತ. ನನಗೆ ಸಿಟ್ಟು ಬಂತು. ನನ್ನ ಕೆಲಸ ನನಗೇ ಕಲಿಸುತ್ತಾನಾ ಅಂತ. ಒಳಗೆ ಕೂರು ಅಂತ ಕೈ ಮಾಡಿ ಬಾವುಟ ಬೀಸಿದೆ. ನಮ್ಮ ಗಾಡಿ ಎಳೆಯಿತು. ಹಗ್ಗ ಹಾಡಲು ಶುರುವಾಯಿತು, ಸ್ವರ ಸರಿ ಇರಲಿಲ್ಲ. ಅವನಿಗೂ ಕೇಳಿಸಿರಬೇಕು. ಮುಚ್ಚಳ ತೆರೆದು ಎಡಗೈ ಎತ್ತಿದ. ನಿಲ್ಲಿಸು ಅಂತ ಎತ್ತಿದ ಕೈ ಅದು. ಅಷ್ಟರಲ್ಲಿ ಹಗ್ಗ ತುಂಡಾಗಿ ಹಿಂದಕ್ಕೆ ಬೀಸಿತು.

ಇಲ್ಲಿ ತನಕದ್ದು ತಪ್ಪು. ಆಮೇಲಿನದ್ದು ತಪ್ಪಲ್ಲ, ಬೇರೆ.

ಅವನನ್ನು ಗಾಡಿಯಲ್ಲಿ ಕೊಂಡುಹೋದ ಮೇಲೆ, ಸಾಹೇಬರ ಜೀಪು ಬರುವ ಮೊದಲು, ನಾನು ಎಡಗಡೆ ನೀರಿಗೆ ಇಳಿದು ಎರಡನೆಯ ಹಗ್ಗವನ್ನು ಕೊಕ್ಕೆಯ ಬಾಯಿಗೆ ತೂಗಿಬಿಟ್ಟೆ, ಕಳಚಿಬಂದದ್ದು ಅಂತ ಕಾಣುವ ಹಾಗೆ. ಆಗ ನೀರು ತಣ್ಣಗೆ ಅನಿಸಲಿಲ್ಲ. ನಮ್ಮ ಗಾಡಿಯೊಳಗಿದ್ದ ಇಬ್ಬರಿಗೆ ಹಿಂದೆ ಏನಾಯಿತೆಂದು ಕಾಣುವುದಿಲ್ಲ. ವಿಚಾರಣೆಯಲ್ಲಿ ಎಷ್ಟು ಹಗ್ಗ ಅಂತ ಕೇಳಿದರು. ಎರಡು ಅಂದೆ. ಹಾಗಾದರೆ ಡ್ರೈವರೇ ಗಾಡಿಯನ್ನು ಒಮ್ಮೆಲೇ ಜಗ್ಗಿ ಒಂದನ್ನು ಕಳಚಿರಬೇಕು, ಮುಚ್ಚಳ ತೆರೆದದ್ದೂ ಅವನದೇ ತಪ್ಪು ಅಂತ ಬರೆದರು. ನೀನು ಓದಿದ್ದು ಅದನ್ನೇ. ಅವನು ಆಸ್ಪತ್ರೆಯಲ್ಲಿ ಒಂದೇ ಹಗ್ಗ ಅಂತ ಹೇಳಿದನಂತೆ. ಔಷಧದ ಅಮಲು ಅಂದರು.

ಪೆನ್ಶನ್ ಆದ ಮೇಲೆ ಸೆಂಟ್ರಲ್ ಗವರ್ನಮೆಂಟಿನ ಆಫೀಸಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಮಂಗಳೂರು, ಕೊಚ್ಚಿ ಎರಡೂ ಇತ್ತು. ಕುಂಬಳೆಯವನು ಮಂಗಳೂರು ಬಿಟ್ಟು ಕೊಚ್ಚಿ ಯಾಕೆ ಅಂತ ನಿನ್ನ ಅಮ್ಮ ಜಗಳ ಮಾಡಿದಳು. ಮೊದಲ ಆದಿತ್ಯವಾರವೇ ಅವನ ಮನೆಗೆ ಹೋಗಿ ಹೇಳಿಬಿಡುವುದು ಅಂತ ಬಂದದ್ದು. ಆ ಆದಿತ್ಯವಾರ ಇನ್ನೂ ಬಂದಿಲ್ಲ.

ಒಂದು ಹಗ್ಗ ಹಾಕಿದರೆ ಏನಾಗುತ್ತದೆ ಅಂತ ಕೇಳಿದೆಯಲ್ಲ. ಹೀಗಾಗುತ್ತದೆ. ಹಾಕಿಕೋ. ಇದರ ಮೇಲೆ ನೀನು ಕಾಗದ ಬರೆಯದಿದ್ದರೂ ನಾನು ಕೇಳುವುದಿಲ್ಲ.

ರತ್ನಾಕರ


ತಿರುವನಂತಪುರ
6-10-2025

ಅಪ್ಪಾ,

ಓದಿದೆ. ಎರಡು ದಿನ ಆಫೀಸಿಗೆ ಹೋಗಲಿಲ್ಲ. ಸಣ್ಣವಳಿದ್ದಾಗ ಒಂದು ಪೆನ್ಸಿಲಿನ ವಿಷಯಕ್ಕೆ ಸುಳ್ಳು ಹೇಳಿದೆ ಅಂತ ನೀವು ನನ್ನನ್ನು ಮಧ್ಯಾಹ್ನ ತನಕ ಅಂಗಳದಲ್ಲಿ ನಿಲ್ಲಿಸಿದ್ದಿರಿ. ಅದೇ ನೆನಪಾಗುತ್ತಿತ್ತು. ಈಗ ಕೆಲಸದ ಮಾತು ಮಾತ್ರ ಬರೆಯುತ್ತೇನೆ.

ನೀವು ಬರೆದ ಹಾಗೆ ಮಾಡಿದೆ. ಒಂದೇ ಹಗ್ಗವಾದರೆ ಸ್ವರ ಬದಲಾಗುತ್ತದೆ. ಆಗಲೇ ನಿಲ್ಲಿಸಿದರೆ ಡ್ರೈವರ್ ಉಳಿಯುತ್ತಾನೆ. ನಿಲ್ಲಿಸದಿದ್ದರೆ ಇಲ್ಲ. ಕೈ ಎತ್ತುವುದನ್ನು ಮಾತ್ರ ಹಾಕಲು ನನ್ನಿಂದ ಆಗಲಿಲ್ಲ. ಇದನ್ನು ಇನ್ನೂ ಯಾರಿಗೂ ತೋರಿಸಿಲ್ಲ. ಹಾಕಿಕೋ ಅಂತ ನೀವು ಬರೆದಿರಿ. ಆದರೆ ಹಾಕಿಕೋ ಅನ್ನಲು ಇದು ನಿಮ್ಮದಲ್ಲ, ಅವರದು. ಅವರು ಬೇಡ ಅಂದರೆ ಎಲ್ಲ ಅಳಿಸಿಬಿಡುತ್ತೇನೆ. ಆರನೆಯ ಕೂರ್ಮ ಹೋದರೆ ಹೋಗಲಿ, ನಾನು ಬಣ್ಣ ಹಚ್ಚುತ್ತೇನೆ.

ಕೇಳಿಕೊಂಡು ಬನ್ನಿ. 17ರ ಒಳಗೆ ಉತ್ತರ ಬೇಕು. ವೈಟ್ಟಿಲದಿಂದ ಫೋರ್ಟ್ ಕೊಚ್ಚಿಗೆ ಬಸ್ಸು ಉಂಟು.

ಅನ್ವಿತಾ


ಕಳಮಶ್ಶೇರಿ
12-10-2025, ಆದಿತ್ಯವಾರ

ಅನ್ವಿತಾ,

ಹೋಗಿ ಬಂದೆ.

ಮೆಟ್ರೋದಲ್ಲಿ ವೈಟ್ಟಿಲಕ್ಕೆ ಹೋದೆ. ಅಲ್ಲಿ ಎರಡು ಬಸ್ಸು ಬಿಟ್ಟೆ. ಮೂರನೆಯದರ ಕಂಡಕ್ಟರ್ ನನ್ನನ್ನೇ ನೋಡಿ ಏನೋ ಕೇಳಿದ, ಕೇಳಿಸಲಿಲ್ಲ, ಹತ್ತಿದೆ.

ಶೆಡ್ಡು ನೀನು ಹೇಳಿದ ಜಾಗದಲ್ಲೇ ಉಂಟು. ಅವನು ಬೆನ್ನು ಹಾಕಿ ಕೂತಿದ್ದ. ಎಂಜಿನ್ ಓಡುತ್ತಿತ್ತು. ನಾನು ಹಿಂದಿನಿಂದ ಕರೆದೆ. ತಿರುಗಲಿಲ್ಲ. ಎದುರು ಹೋಗಿ ನಿಂತೆ. ತಲೆ ಎತ್ತಿ ನೋಡಿದ. ತಲೆ ಪೂರಾ ಬೆಳ್ಳಗಾಗಿದೆ. ಕಣ್ಣು ಅದೇ. ನಾನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು, "ಒಂದೇ ಹಗ್ಗ ಹಾಕಿದ್ದೆ" ಅಂತ ಕಿರುಚಿದೆ. ಅವನು ಕಿವಿ ತೋರಿಸಿ ತಲೆ ಅಲ್ಲಾಡಿಸಿದ. ಮತ್ತೆ ಕಿರುಚಿದೆ. ಬಲೆ ಹೆಣೆಯುತ್ತಿದ್ದವರು, ಐಸು ಒಡೆಯುತ್ತಿದ್ದವರು ಎಲ್ಲ ತಿರುಗಿ ನೋಡಿದರು. ಅಷ್ಟು ಜನರಿಗೆ ಕೇಳಿಸಿತು. ಕೇಳಬೇಕಾದವನಿಗೆ ಕೇಳಿಸಲಿಲ್ಲ.

ಎಂಜಿನ್ ಆರಿಸಿ, ಆಯಿಲಿನ ಡಬ್ಬ ಬಂದ ರಟ್ಟನ್ನು ಹರಿದು, ಕಿವಿಯ ಹಿಂದಿನ ಪೆನ್ಸಿಲು ತೆಗೆದು ಕೊಟ್ಟ. ಬರೆ ಅಂತ ಕೈ ಮಾಡಿದ.

ನಾನು ಮಿಲಿಟರಿ ಹಿಂದಿಯಲ್ಲಿ ಬರೆದೆ. ಒಂದೇ ಹಗ್ಗ ಹಾಕಿದವನು ನಾನು. ಜೋಸೆಫ್ ನಿಲ್ಲಿಸು ಅಂತ ಕೈ ಎತ್ತಿದ್ದ. ಎರಡನೆಯ ಹಗ್ಗವನ್ನು ಆಮೇಲೆ ಸಿಕ್ಕಿಸಿದವನೂ ನಾನೇ. ವಿಚಾರಣೆಯಲ್ಲಿ ಸುಳ್ಳು ಹೇಳಿದೆ. ಕೆಳಗೆ ಹೆಸರು, ಆಗಿನ ನಂಬರು ಹಾಕಿ ಸಹಿ ಮಾಡಿದೆ. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಎರಡು ಸಲ. ಆಮೇಲೆ ರಟ್ಟನ್ನು ನನ್ನ ಕಡೆಗೇ ತಳ್ಳಿ, ಸಹಿಯ ಪಕ್ಕ ಖಾಲಿ ಇದ್ದಲ್ಲಿ ಬೆರಳು ಕುಟ್ಟಿದ. ತಾರೀಖು ಇರಲಿಲ್ಲ.

1993 ಅಂತ ಬರೆಯಲು ಹೊರಟೆ. ಪೆನ್ಸಿಲನ್ನು ಹಿಡಿದು ನಿಲ್ಲಿಸಿದ. ಮುಖ ಹತ್ತಿರ ತಂದು, ತುಟಿ ನೋಡಿ ನನಗೆ ತಿಳಿಯುವ ಹಾಗೆ ನಿಧಾನಕ್ಕೆ ಹೇಳಿದ: "ಇವತ್ತಿನದ್ದು ಹಾಕು. ನೀನು ಬಂದದ್ದು ಇವತ್ತು."

ಇವತ್ತಿನದ್ದೇ ಹಾಕಿದೆ.

ಕ್ಷಮಿಸಿದ್ದೇನೆ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಚಹಾ ಕೊಡಲಿಲ್ಲ. ಮುಂದಿನ ಆದಿತ್ಯವಾರ ಇದನ್ನೇ ಸರಿಯಾದ ಕಾಗದದಲ್ಲಿ ಬರೆದು ತರಬೇಕಂತೆ, ಸೇನೆಯ ಆಫೀಸಿಗೆ ಕಳಿಸಲು. ಮಕ್ಕಳನ್ನೂ ಕರೆದಿರುತ್ತಾನಂತೆ. ಅಲ್ಲಿ ಆಫೀಸಿನಲ್ಲಿ ಏನು ಮಾಡುತ್ತಾರೋ, ನನ್ನ ಪೆನ್ಶನಿಗೆ ಏನಾಗುತ್ತದೋ, ಗೊತ್ತಿಲ್ಲ. ಅಮ್ಮನಿಗೆ ಎಲ್ಲ ಹೇಳಿದೆ. ಕೊಚ್ಚಿಗೆ ಬಂದದ್ದು ಇದಕ್ಕಾ ಅಂದಳು, ಮತ್ತೆ ಒಲೆಯ ಕಡೆ ತಿರುಗಿದಳು. ಇನ್ನೂ ಈ ಕಡೆ ತಿರುಗಿಲ್ಲ.

ನಿನ್ನ ಕೆಲಸದ ಮಾತಿಗೆ ಬರುತ್ತೇನೆ. ನೀನು ಕೇಳಿದ್ದನ್ನು ಅವನಿಗೆ ಬರೆದು ತೋರಿಸಿದೆ. ಉತ್ತರವನ್ನು ತಾನೇ ಬರೆಯುತ್ತೇನೆ ಅಂತ ಪೆನ್ಸಿಲು ಕಸಿದುಕೊಂಡು ರಟ್ಟನ್ನು ಮಗುಚಿ ಹಾಕಿದ. ರಟ್ಟು ಅವನಲ್ಲೇ ಉಂಟು, ನನ್ನ ಸಹಿ ಇದ್ದದ್ದು ಅದರಲ್ಲೇ ತಾನೇ. ಅದಕ್ಕೆ ಅವನು ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಹಾಗೇ ಇಳಿಸಿದ್ದೇನೆ:

"ಮೋಳೇ, ಹಗ್ಗ ತುಂಡಾಗಲಿ. ಕೈ ಎತ್ತಿದ್ದನ್ನೂ ಹಾಕು. ಯಾಕೆ ಎತ್ತಿದ್ದು ಅಂತ ನೋಡಿದವರಿಗೆ ತಿಳಿಯಬೇಕು."

ಇಷ್ಟು ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಬೆಂಚಿನ ಮೇಲೆ ಎಣ್ಣೆ, ಒಂದೇ ಕೈ, ಪೆನ್ಸಿಲು ಒತ್ತಿದ ಹಾಗೆ ರಟ್ಟು ಜಾರುತ್ತಿತ್ತು. ಮೇಲೆ ಇಡಲು ಸ್ಪ್ಯಾನರ್ ಹುಡುಕಿದ, ಹತ್ತಿರ ಇರಲಿಲ್ಲ. ನಾನು ಎದುರು ಕೂತು ರಟ್ಟಿನ ಎರಡೂ ಕೊನೆ ಹಿಡಿದುಕೊಂಡೆ. ಬೇಡ ಅನ್ನಲಿಲ್ಲ. ಬರೆದು ಮುಗಿಯುವ ತನಕ ಹಿಡಿದುಕೊಂಡಿದ್ದೆ.

ಅಪ್ಪ